ಜರ್ನಲ್‌ಗೆ ಕಳುಹಿಸಿದ ಲೇಖನ ತಿರಸ್ಕೃತವಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಶೋಧನಾ ವಿದ್ಯಾರ್ಥಿಗಳೂ ಈಗಷ್ಟೇ ಬರೆಯಲು ತೊಡಗಿದ ಅಧ್ಯಾಪಕರೂ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಜರ್ನಲ್ (ಸಂಶೋಧನಾ ಪತ್ರಿಕೆ) ಕೇಳಿಕೊಂಡಂತೆ ಲೇಖನ ಓದಿ ಸಲಹೆ ಕೊಡುವ ವಿಮರ್ಶಕರ ವರದಿಯನ್ನು ಮೊದಲ ಓದುಗರ ಸಾಕ್ಷ್ಯವೆಂದು ಓದಬೇಕು, ಆ ಓದುಗರು ಎಲ್ಲಿ ಎಡವಿದರು ಎಂಬುದು ಅದರಲ್ಲಿ ದಾಖಲಾಗಿರುತ್ತದೆ ಎಂಬುದು ನನ್ನ ನಂಬಿಕೆ. ಕೆಳಗಿನ ಉತ್ತರಗಳೆಲ್ಲ ಅದರ ಮೇಲೆಯೇ ನಿಂತಿವೆ.

## ಆರಂಭದ ಪ್ರಶ್ನೆಗಳು

ಲೇಖನ ಕಳುಹಿಸಿದ ಮೇಲೆ ಅದು ಯಾರ ಕೈಗೆ ಹೋಗುತ್ತದೆ? ಪ್ರಕಟಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ವಿಮರ್ಶಕರೇ?

ತೀರ್ಮಾನ ಸಂಪಾದಕರದು. ಮೊದಲು ಜರ್ನಲ್‌ನ ಸಿಬ್ಬಂದಿ ಪದಮಿತಿ, ನೈತಿಕ ಸಮಿತಿಯ ಅನುಮತಿ, ಬೇರೆಡೆಯಿಂದ ನಕಲಾದ ಸಾಲುಗಳು ಇಂಥವನ್ನು ಪರಿಶೀಲಿಸುತ್ತಾರೆ. ಆಮೇಲೆ ಸಂಪಾದಕರು ಓದುತ್ತಾರೆ. ಯೋಗ್ಯವೆನಿಸಿದರೆ ಆ ವಿಷಯ ಬಲ್ಲ ಇಬ್ಬರಿಗೋ ಮೂವರಿಗೋ ಕಳುಹಿಸುತ್ತಾರೆ. ಈ ವಿಮರ್ಶಕರು ಸಾಮಾನ್ಯವಾಗಿ ಯಾವ ಸಂಭಾವನೆಯನ್ನೂ ಪಡೆಯದೆ, ತಮ್ಮ ಪಾಠ ಮತ್ತು ಪ್ರಯೋಗಗಳ ನಡುವೆ ಬಿಡುವು ಮಾಡಿಕೊಂಡು ಓದಿ ಸಲಹೆ ಕೊಡುತ್ತಾರೆ. ಕೆಲವು ಜರ್ನಲ್‌ಗಳಲ್ಲಿ ಲೇಖಕರ ಹೆಸರು ವಿಮರ್ಶಕರಿಗೆ ಕಾಣುತ್ತದೆ, ಕೆಲವುಗಳಲ್ಲಿ ಎರಡೂ ಕಡೆಯವರ ಹೆಸರು ಮರೆಯಲ್ಲಿರುತ್ತದೆ, ಇನ್ನು ಕೆಲವು ಜರ್ನಲ್‌ಗಳು ವರದಿಗಳನ್ನೇ ಲೇಖನದ ಜೊತೆ ಪ್ರಕಟಿಸುತ್ತವೆ.

ಇಬ್ಬರು ವಿಮರ್ಶಕರು ಮೆಚ್ಚಿದ ಲೇಖನವನ್ನು ಸಂಪಾದಕರು ಕೈಬಿಡಬಹುದು; ಒಬ್ಬರು ಕಟುವಾಗಿ ವಿರೋಧಿಸಿದ್ದನ್ನು ಉಳಿಸಿಕೊಳ್ಳಲೂಬಹುದು. ಹಾಗಾಗಿ ಮುಂದೆ ನೀವು ಬರೆಯುವ ಪ್ರತಿ ಪತ್ರವನ್ನೂ ಸಂಪಾದಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಿರಿ.

ಎರಡು ವರ್ಷ ದುಡಿದು ಬರೆದದ್ದನ್ನು ಮೂರೇ ದಿನಕ್ಕೆ ಹಿಂದಿರುಗಿಸಿದ್ದಾರೆ. ಓದಿಯೇ ಇಲ್ಲ, ಅಲ್ಲವೇ?

ಓದಿರುತ್ತಾರೆ, ಆದರೆ ನೀವು ಬಯಸಿದಷ್ಟು ಆಳವಾಗಿ ಓದಿರುವುದಿಲ್ಲ. ವಿಮರ್ಶಕರಿಗೆ ಕಳುಹಿಸದೆ ಸಂಪಾದಕರ ಮೇಜಿನಿಂದಲೇ ಹಿಂದಿರುಗಿಸುವುದನ್ನು ಡೆಸ್ಕ್ ರಿಜೆಕ್ಷನ್ ಎನ್ನುತ್ತಾರೆ. ಶೀರ್ಷಿಕೆ, ಸಾರಾಂಶ, ಪೀಠಿಕೆ, ಒಂದೆರಡು ಚಿತ್ರ ಅಥವಾ ಕೋಷ್ಟಕ, ಕೊನೆಯ ಚರ್ಚೆ: ಇಷ್ಟನ್ನು ನೋಡಿಯೇ ಅನುಭವಿ ಸಂಪಾದಕರು ನಿರ್ಧರಿಸುತ್ತಾರೆ. ಹೆಚ್ಚಿನ ಸಲ ಕಾರಣ ಒಂದೇ, ಲೇಖನ ಆ ಜರ್ನಲ್‌ನ ವ್ಯಾಪ್ತಿಗೆ ಹೊಂದುವುದಿಲ್ಲ. ನಿಮ್ಮ ಗ್ರಂಥಸೂಚಿಯನ್ನೇ ತೆರೆದು ನೋಡಿ. ಅದರಲ್ಲಿ ಆ ಜರ್ನಲ್‌ನ ಒಂದು ಲೇಖನವೂ ಇಲ್ಲದಿದ್ದರೆ, ನೀವು ಮಾತನಾಡಲು ಹೊರಟ ಜನ ಅಲ್ಲಿ ಇರಲಿಲ್ಲ ಎಂದೇ ಅರ್ಥ.

ಮೂರು ದಿನದ ತಿರಸ್ಕಾರ ನೋಯಿಸುತ್ತದೆ, ನಿಜ. ಆದರೂ ಆರು ತಿಂಗಳು ಕಾಯಿಸಿ ಅದೇ ಉತ್ತರ ಕೊಡುವುದಕ್ಕಿಂತ ಇದು ಲೇಖಕರಿಗೆ ತೋರಿದ ಮರ್ಯಾದೆ ಎಂದೇ ನಾನು ತಿಳಿದಿದ್ದೇನೆ.

ಐದು ತಿಂಗಳಾಯಿತು, ಸುದ್ದಿಯೇ ಇಲ್ಲ. ಕೇಳಿದರೆ ಸಂಪಾದಕರಿಗೆ ಸಿಟ್ಟು ಬಂದು ತಿರಸ್ಕರಿಸಿಬಿಡುತ್ತಾರೆಯೇ?

ಇಲ್ಲ. ವಿಮರ್ಶಕರು ಸಿಗದೆ ಲೇಖನ ನಿಂತಿರುವುದೇ ಹೆಚ್ಚು. ಹಲವರನ್ನು ಕೇಳಿದ ಮೇಲೆ ಇಬ್ಬರು ಒಪ್ಪುತ್ತಾರೆ, ಒಪ್ಪಿದವರಲ್ಲೂ ಒಬ್ಬರು ಮರೆಯುತ್ತಾರೆ. ಜರ್ನಲ್ ತಾನೇ ಹೇಳಿಕೊಂಡ ಅವಧಿ ಮುಗಿದಿದ್ದರೆ ಲೇಖನದ ಸಂಖ್ಯೆ, ಕಳುಹಿಸಿದ ದಿನಾಂಕ ನಮೂದಿಸಿ ‘ಪರಿಶೀಲನೆ ಯಾವ ಹಂತದಲ್ಲಿದೆ ಎಂದು ತಿಳಿಸುವಿರಾ’ ಎಂದು ಎರಡು ಸಾಲು ಬರೆಯಿರಿ. ಆ ಪತ್ರದಲ್ಲಿ ನಿಮ್ಮ ಪಿಎಚ್‌ಡಿ ಗಡುವಿನ ಕಷ್ಟ ಬೇಡ.

‘ಈಗಿನ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ’ ಎಂದು ಪತ್ರ ಬಂದಿದೆ. ಇದು ತಿರಸ್ಕಾರವೇ?

ಪತ್ರವನ್ನು ಕೊನೆಯವರೆಗೂ ಓದಿ. ಹೊಸಬರು ಮೊದಲ ಪ್ಯಾರಾದಲ್ಲೇ ಎದೆಗುಂದಿ ಪತ್ರ ಮುಚ್ಚಿಬಿಡುತ್ತಾರೆ. ಕೆಳಗೆ ‘ಈ ಆಕ್ಷೇಪಗಳಿಗೆ ಉತ್ತರಿಸಿ ಪರಿಷ್ಕೃತ ಪ್ರತಿ ಕಳುಹಿಸಿದರೆ ಪರಿಗಣಿಸುತ್ತೇವೆ’ ಎಂಬ ಸಾಲೋ, ಪರಿಷ್ಕರಣೆಗೆ ಒಂದು ಗಡುವೋ ಇದ್ದರೆ ಬಾಗಿಲು ತೆರೆದೇ ಇದೆ. ಅದು ಮೇಜರ್ ರಿವಿಷನ್. ‘ತಿರಸ್ಕರಿಸಿದ್ದೇವೆ, ಗಣನೀಯವಾಗಿ ಬದಲಾಯಿಸಿದರೆ ಹೊಸ ಲೇಖನವಾಗಿ ಮತ್ತೆ ಕಳುಹಿಸಬಹುದು’ ಎಂದಿದ್ದರೆ, ಹಿಂದಿನ ವರದಿಗಳಿಗೆ ಉತ್ತರ ಬರೆದು ಹೊಸ ಸಂಖ್ಯೆಯಡಿ ಕಳುಹಿಸಬೇಕು. ಮುಂದಿನ ದಾರಿಯ ಪ್ರಸ್ತಾಪವೇ ಇಲ್ಲದೆ ಶುಭ ಹಾರೈಸಿ ಮುಗಿಸಿದ್ದರೆ ಮಾತ್ರ ಅದು ಪೂರ್ಣ ತಿರಸ್ಕಾರ. ಗೊಂದಲ ಉಳಿದರೆ ಅನುಭವವಿರುವ ಸಹೋದ್ಯೋಗಿಗೆ ಪತ್ರ ತೋರಿಸಿ. ಅವರು ಒಂದೇ ನೋಟದಲ್ಲಿ ಹೇಳುತ್ತಾರೆ. ಮೊದಲ ಸುತ್ತಿನಲ್ಲೇ ತಿದ್ದುಪಡಿಯಿಲ್ಲದೆ ಒಪ್ಪಿಗೆ ಸಿಗುವುದು ತೀರಾ ಅಪರೂಪ. ಮೇಜರ್ ರಿವಿಷನ್ ಬಂದರೆ ಮನೆಯಲ್ಲಿ ಸಂತೋಷದ ಸುದ್ದಿಯೆಂದೇ ಹೇಳಿ.

## ತಿರಸ್ಕಾರ ಬಂದ ಮೇಲೆ

ತಿರಸ್ಕಾರ ಬಂದಂದಿನಿಂದ ಆ ಫೈಲ್ ತೆರೆಯಲು ಮನಸ್ಸೇ ಬರುತ್ತಿಲ್ಲ. ನನಗೆ ಸಂಶೋಧನೆಯ ಯೋಗ್ಯತೆ ಇಲ್ಲವೇನೋ?

ಈ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರು ತಮ್ಮ ವಿಭಾಗದ ಚುರುಕಿನ ವಿದ್ಯಾರ್ಥಿಗಳು. ಪ್ರಕಟವಾದ ಲೇಖನಗಳ ಪಟ್ಟಿ ಎಲ್ಲರಿಗೂ ಕಾಣುತ್ತದೆ, ಹಿಂದಿರುಗಿ ಬಂದವುಗಳ ಪಟ್ಟಿಯನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ. ಹಾಗಾಗಿ ಸೋತವರು ನಾವೊಬ್ಬರೇ ಎಂಬ ಭಾವನೆ ಬೆಳೆಯುತ್ತದೆ.

ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವ ಸಿಟ್ರಿಕ್ ಆಮ್ಲ ಚಕ್ರದ ಬಗ್ಗೆ ಜೀವರಸಾಯನ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ಬರೆದ ಟಿಪ್ಪಣಿಯನ್ನು ‘ನೇಚರ್’ ಜರ್ನಲ್ ತೆಗೆದುಕೊಳ್ಳಲಿಲ್ಲ. ಆಗಲೇ ಏಳೆಂಟು ವಾರಕ್ಕೆ ಸಾಕಾಗುವಷ್ಟು ಪತ್ರಗಳು ಸಂಪಾದಕರ ಬಳಿ ಇದ್ದವು. ಲೇಖನ ‘ಎಂಜೈಮೊಲೊಜಿಯಾ’ದಲ್ಲಿ ಬಂತು, 1953ರಲ್ಲಿ ಅವರಿಗೆ ನೊಬೆಲ್ ಬಂತು. ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ ಮಾಹಿತಿ ಮಾರುಕಟ್ಟೆಯನ್ನು ಹೇಗೆ ಕೆಡಿಸುತ್ತದೆ ಎಂದು ತೋರಿಸಿದ ಜಾರ್ಜ್ ಅಕರ್ಲಾಫ್ ಅವರ ಲೇಖನವನ್ನು ಮೂರು ಜರ್ನಲ್‌ಗಳು ಹಿಂದಿರುಗಿಸಿದವು. ಅದು 1970ರಲ್ಲಿ ನಾಲ್ಕನೆಯ ಜರ್ನಲ್‌ನಲ್ಲಿ ಪ್ರಕಟವಾಯಿತು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು ಎಂದು ವಾದಿಸಿದ ಲಿನ್ ಮಾರ್ಗುಲಿಸ್ ಅವರ ಲೇಖನ ಹಲವಾರು ಜರ್ನಲ್‌ಗಳಿಂದ ಹಿಂದಿರುಗಿ ಬಂದು 1967ರಲ್ಲಿ ಬೆಳಕು ಕಂಡಿತು.

ಇವನ್ನು ಓದಿ ‘ತಿರಸ್ಕೃತವಾದ ನನ್ನ ಲೇಖನವೂ ಮಹತ್ವದ್ದೇ’ ಎಂದು ತೀರ್ಮಾನಿಸಬೇಡಿ. ಹಿಂದಿರುಗಿದ ಲೇಖನಗಳಲ್ಲಿ ನಿಜಕ್ಕೂ ದೋಷವಿರುವವು ಬಹಳ. ಒಂದು ತಿರಸ್ಕಾರದಿಂದ ಬರೆದವರ ಯೋಗ್ಯತೆಯನ್ನು ಅಳೆಯಲಾಗದು ಎಂಬಷ್ಟೇ ಇವುಗಳಿಂದ ತಿಳಿಯುವ ಮಾತು. ವರದಿಯನ್ನು ಒಮ್ಮೆ ಓದಿ, ಒಂದು ವಾರ ಪಕ್ಕಕ್ಕಿಡಿ. ಎರಡನೆಯ ಓದಿನಲ್ಲಿ ಪೆನ್ಸಿಲ್ ಹಿಡಿದು, ವಿಶೇಷಣಗಳನ್ನೆಲ್ಲ ಹೊಡೆದುಹಾಕಿ. ‘ತೀರಾ ದುರ್ಬಲವಾದ, ಅವಸರದ ವಿಶ್ಲೇಷಣೆ, ನಿಯಂತ್ರಣ ಗುಂಪಿನ ವಯಸ್ಸಿನ ಮಾಹಿತಿಯೇ ಇಲ್ಲ’ ಎಂಬ ಸಾಲಿನಲ್ಲಿ ಉಳಿಯುವುದು ವಯಸ್ಸಿನ ಮಾಹಿತಿ ಮಾತ್ರ. ಅದನ್ನು ಸೇರಿಸಲು ಒಂದು ಮಧ್ಯಾಹ್ನ ಸಾಕು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ ಅದನ್ನು ಲೇಖನದ ಸಮಸ್ಯೆ ಎಂದುಕೊಂಡು ಸುಮ್ಮನಿರಬೇಡಿ. ಹತ್ತಿರದವರಿಗೆ ಹೇಳಿ, ವೈದ್ಯರನ್ನು ಕಾಣಿ.

ಒಂದು ಕಡೆ ಬೇಡವೆಂದರು. ಏನನ್ನೂ ಬದಲಿಸದೆ ಬೇರೆ ಜರ್ನಲ್‌ಗೆ ಕಳುಹಿಸಿದರೆ ತಪ್ಪೇನು?

ನಿಯಮದ ಪ್ರಕಾರ ತಪ್ಪಿಲ್ಲ, ಆದರೆ ಅವಿವೇಕ. ಕಿರಿದಾದ ಕ್ಷೇತ್ರಗಳಲ್ಲಿ ವಿಷಯ ಬಲ್ಲವರು ಕೆಲವೇ ಮಂದಿ. ಎರಡನೆಯ ಸಂಪಾದಕರೂ ಅವರಲ್ಲೇ ಒಬ್ಬರನ್ನು ಕೇಳುತ್ತಾರೆ. ತಾವು ಗಂಟೆಗಟ್ಟಲೆ ಕುಳಿತು ಗುರುತಿಸಿದ ದೋಷ ಅಲ್ಪವಿರಾಮವೂ ಬದಲಾಗದೆ ಮತ್ತೆ ಎದುರಿಗೆ ಬಂದರೆ ಆ ವಿಮರ್ಶಕರು ಏನು ಬರೆಯುತ್ತಾರೆ ಎಂದು ಊಹಿಸಿ.

ಭೌತವಿಜ್ಞಾನಿ ಪೀಟರ್ ಹಿಗ್ಸ್ ಅವರ 1964ರ ಪುಟ್ಟ ಲೇಖನವನ್ನು ‘ಫಿಸಿಕ್ಸ್ ಲೆಟರ್ಸ್’ ಹಿಂದಿರುಗಿಸಿತು. ಅವರು ತಮ್ಮ ವಾದದ ಭೌತಿಕ ಪರಿಣಾಮವನ್ನು ವಿವರಿಸುವ ಭಾಗವನ್ನು ಸೇರಿಸಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ಗೆ ಕಳುಹಿಸಿದರು. ಇಂದು ಅವರ ಹೆಸರು ಹೊತ್ತಿರುವ ಕಣದ ಸೂಚನೆ ಇರುವುದು ಆ ಸೇರ್ಪಡೆಯಲ್ಲೇ. ಹೊಸ ಜರ್ನಲ್‌ನ ಓದುಗರಿಗೆ ತಕ್ಕಂತೆ ಪೀಠಿಕೆಯನ್ನೂ ಬದಲಿಸಿ. ಲೇಖನದ ಜೊತೆ ಸಂಪಾದಕರಿಗೆ ಬರೆಯುವ ಕವರ್ ಲೆಟರ್‌ನಲ್ಲಿ ಹಳೆಯ ಜರ್ನಲ್‌ನ ಹೆಸರು ಉಳಿದಿಲ್ಲವೆಂದು ಎರಡು ಬಾರಿ ನೋಡಿಕೊಳ್ಳಿ.

ಸಮಯ ಉಳಿಸಲು ಎರಡು ಜರ್ನಲ್‌ಗೆ ಒಟ್ಟಿಗೆ ಕಳುಹಿಸಬಹುದೇ?

ಕೂಡದು. ಬಹುತೇಕ ಜರ್ನಲ್‌ಗಳು ಸಲ್ಲಿಕೆಯ ವೇಳೆಯೇ ‘ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ’ ಎಂಬ ಹೇಳಿಕೆ ಪಡೆಯುತ್ತವೆ. ಸಿಕ್ಕಿಬಿದ್ದರೆ ಎರಡೂ ಕಡೆ ಲೇಖನ ತಿರಸ್ಕೃತವಾಗುತ್ತದೆ, ನಿಮ್ಮ ಸಂಸ್ಥೆಗೂ ದೂರು ಹೋಗಬಹುದು. ಒಂದು ಕಡೆಯಿಂದ ಲಿಖಿತವಾಗಿ ಹಿಂಪಡೆದ ಮೇಲಷ್ಟೇ ಇನ್ನೊಂದು ಕಡೆ ಕಳುಹಿಸಿ.

## ವಿಮರ್ಶಕರಿಗೆ ಉತ್ತರ ಬರೆಯುವುದು

ಮೂವತ್ತಕ್ಕೂ ಹೆಚ್ಚು ಆಕ್ಷೇಪಗಳು ಬಂದಿವೆ. ಎಲ್ಲಿಂದ ಶುರು ಮಾಡಲಿ?

ವರದಿಗಳನ್ನು ಹೊಸ ಕಡತಕ್ಕೆ ನಕಲಿಸಿ ಒಂದೊಂದು ಆಕ್ಷೇಪಕ್ಕೂ ಸಂಖ್ಯೆ ಕೊಡಿ. ಒಂದೇ ಪ್ಯಾರಾದಲ್ಲಿ ಮೂರು ವಿಷಯ ಬೆರೆತಿದ್ದರೆ ಬಿಡಿಸಿ. ಆಮೇಲೆ ಬರಹದ ತಿದ್ದುಪಡಿ, ಹೊಸ ವಿಶ್ಲೇಷಣೆ, ಹೊಸ ಪ್ರಯೋಗ ಅಥವಾ ಕ್ಷೇತ್ರಕಾರ್ಯ, ಒಪ್ಪಲಾಗದ್ದು ಎಂದು ಗುರುತು ಹಾಕಿ. ಮೂವತ್ತರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಬರಹದ ತಿದ್ದುಪಡಿಗಳೇ ಆಗಿರುವುದನ್ನು ಕಂಡು ಅನೇಕರು ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ನಿಮ್ಮ ತೀರ್ಮಾನವನ್ನೇ ಅಲುಗಾಡಿಸಬಲ್ಲ ಆಕ್ಷೇಪ ಎಲ್ಲಿದೆ ಎಂದು ಹುಡುಕಿ, ಅದರಿಂದಲೇ ಕೆಲಸ ಆರಂಭಿಸಿ. ಕಾಗುಣಿತದ ತಪ್ಪು ತಿದ್ದುತ್ತ ಮೊದಲ ವಾರ ಕಳೆಯುವುದು ಮನಸ್ಸಿಗೆ ಹಿತ, ಕೆಲಸಕ್ಕೆ ನಷ್ಟ.

ಉತ್ತರ ಪತ್ರದಲ್ಲಿ ಆಕ್ಷೇಪದ ಪೂರ್ಣ ಪಾಠ, ಅದರ ಕೆಳಗೆ ನಿಮ್ಮ ಉತ್ತರ, ಅದರ ಕೆಳಗೆ ಬದಲಾದ ಸಾಲು ಮತ್ತು ಪುಟಸಂಖ್ಯೆ ಇರಲಿ. ಒಂದು ಉದಾಹರಣೆ ನೋಡಿ. ವಿಮರ್ಶಕರು ‘ಮಾದರಿ ಚಿಕ್ಕದು, ತೀರ್ಮಾನ ಅದಕ್ಕಿಂತ ಬಹಳ ದೊಡ್ಡದು’ ಎಂದಿದ್ದಾರೆ. ‘ಅಮೂಲ್ಯ ಸಲಹೆಗೆ ಧನ್ಯವಾದಗಳು. ಸೂಕ್ತವಾಗಿ ತಿದ್ದಲಾಗಿದೆ’ ಎಂದು ಉತ್ತರಿಸಿದರೆ ಸಂಪಾದಕರು ಮೂವತ್ತು ಪುಟ ತಡಕಾಡಬೇಕಾಗುತ್ತದೆ. ಹೀಗೆ ಬರೆಯಿರಿ: ‘ಈ ಆಕ್ಷೇಪ ಸರಿ. 42 ಮಂದಿಯ ಮಾಹಿತಿಯಿಂದ ಎಲ್ಲ ವಯೋಮಾನದವರ ಬಗ್ಗೆ ಹೇಳಲಾಗದು. ಆದ್ದರಿಂದ ಶೀರ್ಷಿಕೆಯಲ್ಲೂ ಸಾರಾಂಶದ ಕೊನೆಯ ಸಾಲಿನಲ್ಲೂ ತೀರ್ಮಾನವನ್ನು ಯುವ ವಯಸ್ಕರಿಗೆ ಸೀಮಿತಗೊಳಿಸಿದ್ದೇವೆ. ಅಂದಾಜಿನ ಅನಿಶ್ಚಿತತೆಯ ವ್ಯಾಪ್ತಿಯನ್ನು ಕೋಷ್ಟಕ 2ರಲ್ಲಿ ಸೇರಿಸಿದ್ದೇವೆ. ಈ ಮಿತಿಯನ್ನು 14ನೇ ಪುಟದಲ್ಲಿ ಚರ್ಚಿಸಿದ್ದೇವೆ.’ ಇದನ್ನು ಓದಿದ ಸಂಪಾದಕರು ಮೂಲ ಪ್ರತಿ ತೆರೆಯದೆಯೇ ಈ ವಿಷಯ ಮುಗಿಯಿತೆಂದು ಗುರುತು ಹಾಕಿಕೊಳ್ಳಬಹುದು.

ವಿಮರ್ಶಕರಿಗೆ ನನ್ನ ವಾದ ಅರ್ಥವೇ ಆಗಿಲ್ಲ. ಅವರು ಹೇಳುವುದು ತಪ್ಪು. ಹಾಗೆಂದೇ ಬರೆಯಲೇ?

ಮೊದಲು, ಅವರು ತಪ್ಪು ಎಂಬುದು ಖಾತ್ರಿಯೇ ಎಂದು ನೋಡಿಕೊಳ್ಳಿ. 1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಗುರುತ್ವ ಅಲೆಗಳು ಇಲ್ಲವೆಂದು ವಾದಿಸಿ ‘ಫಿಸಿಕಲ್ ರಿವ್ಯೂ’ಗೆ ಲೇಖನ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ವಿಮರ್ಶೆಗೆ ಕೊಟ್ಟರು, ವಿಮರ್ಶಕರು ದೋಷ ತೋರಿಸಿದರು. ಮುದ್ರಣಕ್ಕೆ ಮೊದಲು ಬೇರೆಯವರಿಗೆ ತೋರಿಸಲು ತಾವು ಅನುಮತಿ ಕೊಟ್ಟಿರಲಿಲ್ಲವೆಂದು ಐನ್‌ಸ್ಟೈನ್ ಸಿಟ್ಟಿನಿಂದ ಲೇಖನ ಹಿಂಪಡೆದರು. ಮರುವರ್ಷ ಅದು ಬೇರೊಂದು ಜರ್ನಲ್‌ನಲ್ಲಿ ಬಂದಾಗ ತೀರ್ಮಾನವೇ ಬದಲಾಗಿತ್ತು. ಆ ವಿಮರ್ಶಕ ಹೊವರ್ಡ್ ರಾಬರ್ಟ್‌ಸನ್ ಹೇಳಿದ್ದೇ ಸರಿಯಿತ್ತು.

ಪರೀಕ್ಷಿಸಿದ ಮೇಲೂ ಅವರು ತಪ್ಪು ಓದಿದ್ದಾರೆ ಎನಿಸಿದರೆ, ಆ ಓದಿಗೆ ಎಡೆಮಾಡಿಕೊಟ್ಟ ವಾಕ್ಯವನ್ನು ನಿಮ್ಮ ಲೇಖನದಲ್ಲಿ ಹುಡುಕಿ. ಬಹುಪಾಲು ಸಿಕ್ಕೇ ಸಿಗುತ್ತದೆ. ವಿಷಯ ಬಲ್ಲ ಒಬ್ಬರು, ಗಮನವಿಟ್ಟು ಓದಲು ಒಪ್ಪಿಕೊಂಡವರು, ಅಲ್ಲಿ ದಾರಿ ತಪ್ಪಿದ್ದಾರೆ ಎಂದ ಮೇಲೆ ಮುಂದೆ ಓದುವ ನೂರು ಮಂದಿಯೂ ತಪ್ಪುತ್ತಾರೆ. ‘ನಮ್ಮ ಮೂಲ ವಾಕ್ಯ ಸ್ಪಷ್ಟವಾಗಿರಲಿಲ್ಲ, ನಾವು ಹೇಳಹೊರಟದ್ದು ಇದು’ ಎಂದು ಬರೆದು ವಾಕ್ಯ ಬದಲಿಸಿ. ವಿಮರ್ಶಕರ ಮರ್ಯಾದೆಯೂ ಉಳಿಯುತ್ತದೆ, ನಿಮ್ಮ ವಾದವೂ.

ಒಪ್ಪಲೇಬಾರದ ಕಡೆ ಒಪ್ಪಬೇಡಿ. ರೊಸಾಲಿನ್ ಯಾಲೊ ಮತ್ತು ಸೋಲೊಮನ್ ಬರ್ಸನ್ ಇನ್ಸುಲಿನ್‌ಗೆ ದೇಹ ಪ್ರತಿಕಾಯ (ಆಂಟಿಬಾಡಿ) ಸೃಷ್ಟಿಸುತ್ತದೆ ಎಂದಾಗ ವಿಮರ್ಶಕರು ನಂಬಲಿಲ್ಲ, ಲೇಖನ ತಿರಸ್ಕೃತವಾಯಿತು. ಯಾಲೊ ಮತ್ತು ಬರ್ಸನ್ ಶೀರ್ಷಿಕೆಯಿಂದ ‘ಪ್ರತಿಕಾಯ’ ಎಂಬುದನ್ನು ತೆಗೆದರು, ಲೇಖನದ ಒಳಗೆ ಮಾತ್ರ ಪಠ್ಯಪುಸ್ತಕದ ವ್ಯಾಖ್ಯೆಯನ್ನು ಮುಂದಿಟ್ಟು ತಮ್ಮ ಮಾಹಿತಿ ಅದಕ್ಕೆ ಹೊಂದುತ್ತದೆಂದು ತೋರಿಸಿದರು. 1956ರಲ್ಲಿ ಲೇಖನ ಪ್ರಕಟವಾಯಿತು. 1977ರಲ್ಲಿ ಯಾಲೊ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಆ ತಿರಸ್ಕಾರ ಪತ್ರವನ್ನೇ ಎಲ್ಲರ ಮುಂದಿಟ್ಟರು. ಸಾಕ್ಷ್ಯದಲ್ಲಿ ಅವರು ಒಂದಿಷ್ಟೂ ಹಿಂದೆ ಸರಿದಿರಲಿಲ್ಲ.

ಒಬ್ಬರು ‘ಸಿದ್ಧಾಂತದ ಭಾಗ ವಿಸ್ತರಿಸಿ’ ಎನ್ನುತ್ತಾರೆ, ಇನ್ನೊಬ್ಬರು ‘ತೆಗೆದುಹಾಕಿ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಇಬ್ಬರ ಮಾತನ್ನೂ ಉತ್ತರ ಪತ್ರದಲ್ಲಿ ಅಕ್ಕಪಕ್ಕ ಇಟ್ಟು, ನಿಮ್ಮ ಆಯ್ಕೆಯನ್ನೂ ಅದರ ಕಾರಣವನ್ನೂ ಸಂಪಾದಕರಿಗೆ ಹೇಳಿ. ಇಬ್ಬರನ್ನೂ ಅರ್ಧರ್ಧ ತೃಪ್ತಿಪಡಿಸಲು ಹೋದರೆ ಲೇಖನ ಯಾರಿಗೂ ಬೇಡವಾಗುತ್ತದೆ. ಇಂಥ ವಿರೋಧ ಅಪರೂಪವೇನಲ್ಲ. ಯಂತ್ರಕಲಿಕೆಯ (ಮಷೀನ್ ಲರ್ನಿಂಗ್) ಪ್ರಮುಖ ಸಮ್ಮೇಳನ ನ್ಯೂರಿಪ್ಸ್ 2014ರಲ್ಲಿ ಸುಮಾರು ಶೇ 10ರಷ್ಟು ಲೇಖನಗಳನ್ನು ಎರಡು ಪ್ರತ್ಯೇಕ ಸಮಿತಿಗಳಿಗೆ ಕೊಟ್ಟು ನೋಡಿತು. ಒಂದು ಸಮಿತಿ ಒಪ್ಪಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಸಮಿತಿ ತಿರಸ್ಕರಿಸಿತ್ತು.

ಕೇಳಿದ ಪ್ರಯೋಗ ಮಾಡಲು ಹಣವೂ ಇಲ್ಲ, ಉಪಕರಣವೂ ಇಲ್ಲ. ಏನೆಂದು ಬರೆಯಲಿ?

ಆ ಪ್ರಯೋಗ ಯಾವ ಅನುಮಾನವನ್ನು ನಿವಾರಿಸಲು ಕೇಳಿದ್ದು ಎಂದು ಮೊದಲು ಗುರುತಿಸಿ. ಅದೇ ಅನುಮಾನವನ್ನು ಈಗಿರುವ ಮಾಹಿತಿಯ ಮರುವಿಶ್ಲೇಷಣೆಯಿಂದಲೋ, ಇತರರ ಪ್ರಕಟಿತ ಫಲಿತಾಂಶದಿಂದಲೋ ನಿವಾರಿಸಬಹುದಾದರೆ ಹಾಗೆ ಮಾಡಿ, ಮಾಡಿದ್ದೇವೆಂದು ಹೇಳಿ. ಆಗದಿದ್ದರೆ ತೀರ್ಮಾನವನ್ನು ಅಷ್ಟರಮಟ್ಟಿಗೆ ಕುಗ್ಗಿಸಿ, ಮಿತಿಯೆಂದು ದಾಖಲಿಸಿ. ‘ಇದು ಮುಂದಿನ ಅಧ್ಯಯನಕ್ಕೆ’ ಎಂಬ ಸಾಲು ತೀರ್ಮಾನವನ್ನು ಕುಗ್ಗಿಸಿದ ಮೇಲೆ ಪ್ರಾಮಾಣಿಕ, ಕುಗ್ಗಿಸದೆ ಬರೆದರೆ ನುಣುಚಿಕೊಳ್ಳುವಿಕೆ. ಆ ಪ್ರಯೋಗವಿಲ್ಲದೆ ಲೇಖನ ನಿಲ್ಲದು ಎಂದು ಸಂಪಾದಕರೇ ಹೇಳಿದ್ದರೆ, ಮೂರು ತಿಂಗಳು ಸವೆಸುವ ಮೊದಲೇ, ತೀರ್ಮಾನ ಕುಗ್ಗಿಸಿದರೆ ಸಾಕೇ ಎಂದು ಪತ್ರ ಬರೆದು ಕೇಳಿಬಿಡಿ.

ವಿಮರ್ಶಕರು ಒಬ್ಬರದೇ ಐದು ಲೇಖನಗಳನ್ನು ಉಲ್ಲೇಖಿಸಲು ಹೇಳಿದ್ದಾರೆ. ಅವರದೇ ಇರಬೇಕು. ಸೇರಿಸಲೇ?

ಐದನ್ನೂ ಓದಿ. ನಿಮ್ಮ ವಾದಕ್ಕೆ ಬೇಕಾದದ್ದನ್ನು ಸೇರಿಸಿ, ಉಳಿದವು ಏಕೆ ಹೊಂದುವುದಿಲ್ಲ ಎಂದು ಒಂದು ಸಾಲಿನಲ್ಲಿ ಹೇಳಿ. ಒಂದೂ ಸಂಬಂಧಪಡದಿದ್ದರೆ ಸಂಪಾದಕರಿಗೆ ಪ್ರತ್ಯೇಕ ಗೋಪ್ಯ ಟಿಪ್ಪಣಿ ಬರೆಯಿರಿ. ಉಲ್ಲೇಖ ಸಂಖ್ಯೆ ಹೆಚ್ಚಿಸಿಕೊಳ್ಳಲು ಹೀಗೆ ಕೇಳುವುದನ್ನು ಪ್ರಕಟಣಾ ನೈತಿಕತೆಗಾಗಿ 1997ರಲ್ಲಿ ಆರಂಭವಾದ ಕೋಪ್ ಸಂಸ್ಥೆಯ ಮಾರ್ಗಸೂಚಿ ಒಪ್ಪುವುದಿಲ್ಲ.

‘ಇಂಗ್ಲಿಷ್ ಬಲ್ಲವರಿಂದ ತಿದ್ದಿಸಿ’ ಎಂದು ಬರೆದಿದ್ದಾರೆ. ಅವಮಾನವಾಗಿದೆ.

ನಿಮ್ಮ ನೋವು ನ್ಯಾಯವಾದದ್ದು. ಇನ್ನೊಂದು ಭಾಷೆಯಲ್ಲಿ ಯೋಚಿಸಿ ಬೆಳೆದವರ ಮೇಲೆ ಈ ವ್ಯವಸ್ಥೆ ಹೆಚ್ಚಿನ ಹೊರೆ ಹೊರಿಸುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೂ ಈ ಮಾತು ಬಹಳ ಸಲ ವ್ಯಾಕರಣದ ಬಗ್ಗೆ ಇರುವುದಿಲ್ಲ. ಒಂದು ಪ್ಯಾರಾದಲ್ಲಿ ಮೂರು ವಿಷಯ, ನಾಲ್ಕು ಸಾಲಿನ ವಾಕ್ಯ, ಒಂದೇ ಸಂಗತಿಗೆ ಪುಟದಿಂದ ಪುಟಕ್ಕೆ ಬೇರೆ ಬೇರೆ ಹೆಸರು ಇದ್ದರೆ ವಿಮರ್ಶಕರು ದಣಿದು ‘ಇಂಗ್ಲಿಷ್’ ಎಂದು ಬರೆದುಬಿಡುತ್ತಾರೆ. ವಾಕ್ಯಗಳನ್ನು ಒಡೆಯಿರಿ, ಪರಿಭಾಷೆಯನ್ನು ಒಂದೇ ರೀತಿ ಬಳಸಿ, ಆಮೇಲೆ ಭಾಷೆ ಬಲ್ಲ ಗೆಳೆಯರಿಗೆ ಕೊಡಿ. ವರದಿಯಲ್ಲಿ ನಿಮ್ಮ ದೇಶ, ಲಿಂಗ ಅಥವಾ ಸಂಸ್ಥೆಯ ಬಗ್ಗೆ ಹೀನವಾದ ಮಾತಿದ್ದರೆ ಸುಮ್ಮನಿರಬೇಡಿ. ಆ ಸಾಲನ್ನು ಯಥಾವತ್ತಾಗಿ ಉದ್ಧರಿಸಿ ಸಂಪಾದಕರಿಗೆ ದೂರು ಕೊಡಿ.

## ಇನ್ನಷ್ಟು ಜಟಿಲ ಪ್ರಶ್ನೆಗಳು

ತಿರಸ್ಕಾರದ ವಿರುದ್ಧ ಮೇಲ್ಮನವಿ ಸಲ್ಲಿಸಬಹುದೇ?

ಸಲ್ಲಿಸಬಹುದು, ಆದರೆ ಆಧಾರ ಬೇಕು. ವಿಮರ್ಶಕರು ಇಲ್ಲವೆಂದ ಮಾಹಿತಿ ನಿಮ್ಮ ಕೋಷ್ಟಕ 3ರಲ್ಲಿ ಇದ್ದರೆ, ಅವರ ಲೆಕ್ಕಾಚಾರ ತಪ್ಪಿದ್ದರೆ, ಹಿತಾಸಕ್ತಿ ಸಂಘರ್ಷಕ್ಕೆ ಸಾಕ್ಷ್ಯವಿದ್ದರೆ ಒಂದು ಪುಟದೊಳಗೆ ಬರೆಯಿರಿ. ‘ಇದು ಮಹತ್ವದ ಲೇಖನ’ ಎಂಬುದು ಆಧಾರವಲ್ಲ. ಹೊಸತನ ಸಾಲದು ಎಂಬ ಅಭಿಪ್ರಾಯವನ್ನು ಮೇಲ್ಮನವಿಯಿಂದ ಬದಲಿಸುವುದು ಕಷ್ಟ. ಆ ಹೊತ್ತನ್ನು ಮುಂದಿನ ಜರ್ನಲ್‌ಗೆ ಕೊಡುವುದೇ ಮೇಲು.

ಹೆಸರಾಂತ ಸಂಸ್ಥೆಯಿಂದ ಬಂದವರ ಲೇಖನಕ್ಕೆ ಬೇರೆ ನ್ಯಾಯವೇ?

ಪಕ್ಷಪಾತ ಇದೆ. 1982ರಲ್ಲಿ ಡಗ್ಲಸ್ ಪೀಟರ್ಸ್ ಮತ್ತು ಸ್ಟೀಫನ್ ಸೆಸಿ ಒಂದು ಅಧ್ಯಯನ ಪ್ರಕಟಿಸಿದರು. ಮನೋವಿಜ್ಞಾನದ ಜರ್ನಲ್‌ಗಳಲ್ಲಿ ಪ್ರತಿಷ್ಠಿತ ವಿಭಾಗಗಳ ಹೆಸರಿನಲ್ಲಿ ಆಗಲೇ ಬಂದಿದ್ದ 12 ಲೇಖನಗಳನ್ನು, ಕಲ್ಪಿತ ಲೇಖಕರ ಮತ್ತು ಸಂಸ್ಥೆಗಳ ಹೆಸರಿನಲ್ಲಿ, ಅವೇ ಜರ್ನಲ್‌ಗಳಿಗೆ ಮತ್ತೆ ಕಳುಹಿಸಿದ್ದರು. ಮೂರು ಮಾತ್ರ ಪತ್ತೆಯಾದವು. ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕೃತವಾದವು, ಅದೂ ಹಲವು ಕಡೆ ವಿಧಾನದ ದೋಷ ತೋರಿಸಿ. ಆ ಅಧ್ಯಯನ ಚಿಕ್ಕದು, ಅದಕ್ಕೆ ಟೀಕೆಗಳೂ ಬಂದಿವೆ. ನಿಮಗೆ ಈ ಭಯವಿದ್ದರೆ ಎರಡೂ ಕಡೆ ಹೆಸರು ಮರೆಮಾಡುವ ಜರ್ನಲ್ ಆರಿಸಿಕೊಳ್ಳಿ. ‘ನಮ್ಮ ಹಿಂದಿನ ಅಧ್ಯಯನದಲ್ಲಿ’ ಎಂಬಂಥ ಸಾಲುಗಳನ್ನೂ ಕಡತದಲ್ಲಿ ಅಡಗಿರುವ ಲೇಖಕರ ಹೆಸರನ್ನೂ ತೆಗೆಯಲು ಮರೆಯಬೇಡಿ.

ನನ್ನ ಊಹೆ ಸುಳ್ಳಾಯಿತು, ಪರಿಣಾಮವೇ ಕಾಣಲಿಲ್ಲ. ಎಲ್ಲೆಡೆ ‘ಆಸಕ್ತಿದಾಯಕವಲ್ಲ’ ಎನ್ನುತ್ತಾರೆ.

ಆ ಫಲಿತಾಂಶ ಬೆಳಕು ಕಾಣದಿದ್ದರೆ ಇನ್ನೊಬ್ಬರು ಅದೇ ಹಾದಿಯಲ್ಲಿ ವರ್ಷಗಳನ್ನು ಕಳೆಯುತ್ತಾರೆ, ಆದ್ದರಿಂದ ಬಿಟ್ಟುಕೊಡಬೇಡಿ. 2006ರಲ್ಲಿ ಆರಂಭವಾದ ‘ಪ್ಲಾಸ್ ಒನ್’ ಜರ್ನಲ್ ಮಹತ್ವವನ್ನು ಅಳೆಯದೆ ವಿಧಾನ ಸರಿಯಿದೆಯೇ ಎಂಬುದನ್ನಷ್ಟೇ ನೋಡುತ್ತದೆ. ಮುಂದಿನ ಅಧ್ಯಯನಕ್ಕೆ ರಿಜಿಸ್ಟರ್ಡ್ ರಿಪೋರ್ಟ್ ಪದ್ಧತಿ ಪರಿಶೀಲಿಸಿ. 2013ರಲ್ಲಿ ‘ಕಾರ್ಟೆಕ್ಸ್’ ಜರ್ನಲ್ ಆರಂಭಿಸಿದ ಈ ಕ್ರಮದಲ್ಲಿ ಮಾಹಿತಿ ಸಂಗ್ರಹಕ್ಕೆ ಮೊದಲೇ ಯೋಜನೆಯ ವಿಮರ್ಶೆ ನಡೆದು ತಾತ್ವಿಕ ಒಪ್ಪಿಗೆ ಸಿಗುತ್ತದೆ. ಯೋಜನೆಯಂತೆ ಕೆಲಸ ಮಾಡಿದರೆ ಉತ್ತರ ಹೌದೇ ಆಗಲಿ ಇಲ್ಲವೇ ಆಗಲಿ, ಲೇಖನ ಪ್ರಕಟವಾಗುತ್ತದೆ.

ಹಣ ಕಟ್ಟಿದರೆ ಒಂದು ವಾರದಲ್ಲಿ ಒಪ್ಪಿಗೆ ಎಂದು ಇಮೇಲ್ ಬಂದಿದೆ. ತಿರಸ್ಕಾರಗಳಿಂದ ಸಾಕಾಗಿದೆ, ಕೊಟ್ಟುಬಿಡಲೇ?

ದಯವಿಟ್ಟು ಬೇಡ. ಲೇಖಕರಿಂದ ಶುಲ್ಕ ಪಡೆಯುವ ಪ್ರಾಮಾಣಿಕ ಮುಕ್ತ ಜರ್ನಲ್‌ಗಳು ಬೇಕಾದಷ್ಟಿವೆ. ಆದರೆ ವಿಮರ್ಶೆಗೆ ಮೊದಲೇ ಒಪ್ಪಿಗೆಯ ಭರವಸೆ ಕೊಡುವವರು ಮೋಸಗಾರರು. ಸಾಕಾಗಿ ಹೋದ ಮನಸ್ಸನ್ನೇ ಅವರು ಹುಡುಕುತ್ತಿರುತ್ತಾರೆ. ಅಲ್ಲಿ ಒಮ್ಮೆ ಬಂದ ಲೇಖನವನ್ನು ಹಿಂಪಡೆಯಲು ಮತ್ತೆ ಹಣ ಕೇಳುತ್ತಾರೆ, ಬೇರೆ ಜರ್ನಲ್ ಅದನ್ನು ತೆಗೆದುಕೊಳ್ಳುವುದಿಲ್ಲ. ಆ ಜರ್ನಲ್ ಮುಕ್ತ ಜರ್ನಲ್‌ಗಳ ಸೂಚಿಯಾದ ಡಿಒಎಜೆಯಲ್ಲಿ ಇದೆಯೇ ಎಂದು ನೋಡಿ. ಸಂಪಾದಕ ಮಂಡಳಿಯ ಒಬ್ಬರಿಗೆ ಪತ್ರ ಬರೆದು ‘ನೀವು ನಿಜಕ್ಕೂ ಅಲ್ಲಿದ್ದೀರಾ’ ಎಂದು ಕೇಳಿ.

ಈಗ ನನ್ನನ್ನೇ ವಿಮರ್ಶೆಗೆ ಕೇಳಿದ್ದಾರೆ. ಒಪ್ಪಿಕೊಳ್ಳಲೇ?

ವಿಷಯ ಗೊತ್ತಿದ್ದರೆ, ಲೇಖಕರು ನಿಮ್ಮ ಆಪ್ತರೋ ಪ್ರತಿಸ್ಪರ್ಧಿಗಳೋ ಅಲ್ಲದಿದ್ದರೆ ಒಪ್ಪಿಕೊಳ್ಳಿ. ಇತರರ ಕರಡಿನಲ್ಲಿ ಎಡವುವಾಗ ನಿಮ್ಮ ಬರಹದಲ್ಲಿ ಓದುಗರು ಎಲ್ಲಿ ಎಡವುತ್ತಾರೆಂಬುದೂ ಕಾಣತೊಡಗುತ್ತದೆ. ಲೇಖನದ ವಾದವನ್ನು ನಿಮ್ಮ ಮಾತಿನಲ್ಲಿ ಎರಡು ಮೂರು ಸಾಲು ಹೇಳಿ ವರದಿ ಆರಂಭಿಸಿ. ನೀವು ಸರಿಯಾಗಿ ಓದಿದ್ದೀರೋ ಇಲ್ಲವೋ ಅದರಿಂದಲೇ ಲೇಖಕರಿಗೆ ಗೊತ್ತಾಗುತ್ತದೆ. ತೀರ್ಮಾನವನ್ನು ಬಾಧಿಸುವ ದೋಷಗಳನ್ನೂ ಸಣ್ಣ ತಿದ್ದುಪಡಿಗಳನ್ನೂ ಬೇರೆ ಬೇರೆ ಬರೆಯಿರಿ. ಹಸ್ತಪ್ರತಿ ಗೋಪ್ಯ ದಾಖಲೆ. ಅದನ್ನು ಸಾರ್ವಜನಿಕ ಚಾಟ್‌ಬಾಟ್‌ಗಳಿಗೆ ಹಾಕಬೇಡಿ. ವಿದ್ಯಾರ್ಥಿಯ ನೆರವು ಪಡೆಯುವುದಿದ್ದರೆ ಸಂಪಾದಕರ ಅನುಮತಿ ಕೇಳಿ, ವರದಿಯಲ್ಲಿ ಆ ವಿದ್ಯಾರ್ಥಿಯ ಹೆಸರನ್ನೂ ಹೇಳಿ. ಗಡುವಿನೊಳಗೆ ಆಗದು ಎನಿಸಿದರೆ ಆಹ್ವಾನ ಬಂದ ದಿನವೇ ತಿಳಿಸಿ, ನಿಮ್ಮ ಬದಲಿಗೆ ಓದಬಲ್ಲ ಇಬ್ಬರ ಹೆಸರು ಸೂಚಿಸಿ.